ಬಸಿಗಾಲುವೆ ಕೋಲಿನ ಐದನೆಯ ಗೆರೆ

ಮೇ ತಿಂಗಳು ಬಂತೆಂದರೆ ನಮ್ಮ ಸೆಜ್‌ಮಿಯರ್ ಊರಿನ ಗಂಡಸರಿಗೆ ಒಂದು ಹುಚ್ಚು ಹಿಡಿಯುತ್ತದೆ. ತಮ್ಮ ಗಡ್ಡ ಬೋಳಿಸಲು ಮರೆತರೂ ಬಸಿಗಾಲುವೆಯ ದಡ ಬೋಳಿಸಲು ಮರೆಯುವುದಿಲ್ಲ. ಬೆಳಗಾಗುತ್ತಲೇ ಟ್ರಾಕ್ಟರು, ಅದಕ್ಕೆ ಕಟ್ಟಿದ ಹುಲ್ಲು ಕತ್ತರಿಸುವ ಯಂತ್ರ, ಅದರ ಗರಗರ ಸದ್ದು. ಎರಡೂ ದಡ ನೀರಿನ ಅಂಚಿನವರೆಗೆ ನುಣ್ಣಗಾಗುವ ತನಕ ಯಾರಿಗೂ ಊಟ ರುಚಿಸುವುದಿಲ್ಲ.

ನಾನು ಡಾರ್ಕಸ್ ಸೆಚೆಲ್. ಮೂವತ್ತೊಂದು ವರ್ಷ ಈ ಊರಿನಲ್ಲಿ ಸೈಕಲ್ ತುಳಿದು ಅಂಚೆ ಹಂಚಿದವಳು. ಇಲ್ಲಿನ ಒಂದೊಂದು ಕಾಲುವೆಗೂ ಒಂದೊಂದು ಸಲ ಬಿದ್ದು ಎದ್ದಿದ್ದೇನೆ. ಹಾಗಾಗಿ ಕಾಲುವೆಗಳ ವಿಷಯದಲ್ಲಿ ನನಗೂ ನಾಲ್ಕು ಮಾತಾಡುವ ಹಕ್ಕಿದೆ ಎಂದುಕೊಂಡಿದ್ದೇನೆ.

ಈ ಹುಚ್ಚಿಗೆ ಕಾರಣವಿದೆ. ನಮ್ಮದು ಲಂಡನ್ನಿನ ಉತ್ತರಕ್ಕಿರುವ ಫೆನ್ ಸೀಮೆ, ಜೌಗಿನ ನೀರು ಬಸಿದು ಹೊಲ ಮಾಡಿದ ನಾಡು. ನೆಲ ನದಿಗಿಂತ ತಗ್ಗು. ಕಾಲುವೆ ನೀರನ್ನು ಪಂಪು ಎತ್ತಿ ನದಿಗೆ ಹಾಕುವುದನ್ನು ನಿಲ್ಲಿಸಿದರೆ ಬೀಟ್ ಹೊಲವೂ ಇಲ್ಲ, ಸೆಲರಿಯೂ ಇಲ್ಲ, ನಾವೂ ಇಲ್ಲ. ಆದ್ದರಿಂದ ಮೇ ಕೊನೆಯ ಭಾನುವಾರ ಇಡೀ ಊರು ಕಾಲುವೆ ನೋಡಲು ಹೊರಡುತ್ತದೆ. ಇದು ನಮ್ಮ ಮುತ್ತಜ್ಜಂದಿರ ಕಾಲದ ಪದ್ಧತಿ. ಎಲ್ಲ ಕಾಲುವೆ ನೋಡಿಯಾದ ಮೇಲೆ ಕೈ ಎತ್ತಿ ಮತ ಹಾಕುತ್ತೇವೆ. ಯಾರ ಕಾಲುವೆ ಚೆನ್ನಾಗಿದೆಯೋ ಅವರಿಗೆ ಒಂದು ವರ್ಷದ ಮಟ್ಟಿಗೆ ಊರಿನ ಕೋಲು. ಆಶ್ ಎಂಬ ಮರದಿಂದ ಮಾಡಿದ, ಆಳೆತ್ತರದ ಹಳೆಯ ಕೋಲು ಅದು. ಮೈಮೇಲೆ ಐದು ಗೆರೆ ಕೊರೆದಿದ್ದಾರೆ, ಬುಡಕ್ಕೆ ತಟ್ಟೆಯಂಥ ಕಬ್ಬಿಣದ ಬಿಲ್ಲೆ ಹೊಡೆದಿದ್ದಾರೆ. ಗೆರೆ ಅಂದಕ್ಕೆ, ಬಿಲ್ಲೆ ಕೋಲು ಸವೆಯದಿರಲಿ ಎಂದು. ನಾವೆಲ್ಲ ನಂಬಿದ್ದು ಹಾಗೆ.

ಆ ಕೋಲು ಹನ್ನೊಂದು ವರ್ಷದಿಂದ ಒಂದೇ ಮನೆಯಲ್ಲಿತ್ತು. ಹೊರೇಸ್ ಮರ್ಫಿಟ್‌ನ ಮನೆಯಲ್ಲಿ, ಬೆಂಕಿಗೂಡಿನ ಮೇಲೆ, ಅವನ ಅಪ್ಪನ ಫೋಟೋದ ಕೆಳಗೆ. ಅಪ್ಪನೂ ಒಂಬತ್ತು ಸಲ ಗೆದ್ದಿದ್ದವನು. ಹೊರೇಸ್ ಪ್ರತಿ ಭಾನುವಾರ ಕೋಲಿಗೆ ಎಣ್ಣೆ ಹಚ್ಚಿ ಒರೆಸುತ್ತಿದ್ದ. ಅವನ ಹೆಂಡತಿ ಮೇವಿಸ್ ಒಮ್ಮೆ ನನ್ನ ಹತ್ತಿರ, “ನನ್ನ ಬೆನ್ನು ನೋವಿಗೆ ಇಷ್ಟು ವರ್ಷದಲ್ಲಿ ಒಂದು ತೊಟ್ಟು ಎಣ್ಣೆ ಹಚ್ಚಿಲ್ಲ ಈ ಮಹಾರಾಯ” ಎಂದಿದ್ದಳು.

ಹೋದ ವರ್ಷ ಹೊರೇಸ್‌ಗೆ ಎಪ್ಪತ್ತೆರಡು ತುಂಬಿತು. ಮಂಡಿ ಎರಡೂ ಕೈಕೊಟ್ಟಿದ್ದವು. ಇದೇ ಕೊನೆ, ಇನ್ನೊಂದು ಸಲ ಗೆದ್ದು ಹನ್ನೆರಡು ಮಾಡಿ ಬಿಟ್ಟುಬಿಡುತ್ತೇನೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ. ಪಕ್ಕದ ಹೊಲದ ಕ್ಲೆಮ್ ಫೊವಾರ್ಗ್ ಮಾತ್ರ ಮೀಸೆಯಡಿ ನಗುತ್ತಿದ್ದ. ಆ ಕೋಲಿನ ಮೇಲೆ ಅವನ ಕಣ್ಣು ಬಿದ್ದು ಯಾವ ಕಾಲವಾಯಿತೋ.

ಮೇ ಮೊದಲ ಸೋಮವಾರ ಹೊರೇಸ್ ಟ್ರಾಕ್ಟರ್ ಹತ್ತಿದ. ಅವನ ಕಾಲುವೆ ಒಂದು ಮೈಲಿ ಉದ್ದ. ಡ್ರೋವ್ ಎಂದು ನಾವು ಕರೆಯುವ ಮಣ್ಣುದಾರಿಯ ತುದಿಯಿಂದ ಶುರುವಾಗಿ ಪಂಪ್‌ಮನೆವರೆಗೆ ಹೋಗುತ್ತದೆ. ಸರಿಯಾಗಿ ನಡುವೆ, ಯಾವ ಯುಗದಲ್ಲೋ ಜೌಗಿನಲ್ಲಿ ಮುಳುಗಿ ಕಪ್ಪಾದ ಓಕ್ ದಿಮ್ಮಿಯೊಂದು ಬಿದ್ದಿದೆ. ಅಲ್ಲಿಯವರೆಗೆ ಎರಡೂ ದಡ ಬೋಳಿಸಿದ. ದಿಮ್ಮಿ ದಾಟಿ ನಾಲ್ಕು ಮಾರು ಹೋಗಿರಬೇಕು, ಮುಂದೆ ಸ್ವಲ್ಪ ದೂರದ ಜೊಂಡಿನಿಂದ ದೊಡ್ಡ ಹಕ್ಕಿಯೊಂದು ಭರ್ರನೆ ಎದ್ದಿತು. ಕಂದು ಮೈ, ಕೆನೆ ಬಣ್ಣದ ತಲೆ. ಕಿರುಚುತ್ತ ಬಂದು ಅವನ ಟೋಪಿಯ ಮೇಲೆಯೇ ಎರಗಿತು. ಹೊರೇಸ್ ಬ್ರೇಕ್ ತುಳಿದ.

ಅದೇ ಹೊತ್ತಿಗೆ ಪಂಪ್‌ಮನೆಯ ಬ್ರಯೊನಿ ಕಟ್‌ಲ್ಯಾಕ್ ಸೈಕಲ್ ಬಿಸಾಕಿ ಓಡಿಬಂದಳು. ಈ ಬ್ರಯೊನಿಯ ಅಪ್ಪ ನಲವತ್ತು ವರ್ಷ ಪಂಪು ನಡೆಸಿದ. ಈಗ ನಡೆಸುವವಳು ಅವಳು. ಊರಿನ ನೀರಿನ ನಾಡಿ ಅವಳಿಗೆ ಗೊತ್ತು.

“ಹೊರೇಸ್ ಅಂಕಲ್, ನಿಲ್ಸಿ! ಅಲ್ಲಿ ಗೂಡಿದೆ! ಜೌಗುಗಿಡುಗ!”

“ಗಿಡುಗನೋ ಗೂಬೆನೋ. ನನ್ನ ಟೋಪಿ ಹರಿದುಹಾಕ್ತಿತ್ತಲ್ಲೇ!”

“ಅದರ ಮನೆ ಮೇಲೆ ಟ್ರಾಕ್ಟರ್ ಹತ್ಸಿದ್ರೆ ಇನ್ನೇನು ಟೀ ಕೊಡುತ್ತಾ? ಮೊಟ್ಟೆ ಇಟ್ಟು ಕಾವು ಕೂತಿದೆ ಅದು. ಹಿಂದಕ್ಕೆ ತಗೊಳ್ಳಿ, ನಾವಿಲ್ಲಿರೋವರೆಗೂ ಅದು ಕೆಳಗಿಳಿಯಲ್ಲ.”

ಹೊರೇಸ್ ಗೊಣಗುತ್ತ ಟ್ರಾಕ್ಟರನ್ನು ಹಿಂದಕ್ಕೆ ತೆಗೆದ. ಹಕ್ಕಿ ಎರಡು ಸುತ್ತು ಹೊಡೆದು ಜೊಂಡಿಗೆ ಇಳಿಯಿತು. ಇಬ್ಬರೂ ಮೇವಿಸಳ ಅಡುಗೆಮನೆಗೆ ಬಂದರು. ಅವಳ ರೂಬಾರ್ಬ್ ಪೈ ತಿನ್ನಲು ನಾನು ಆಗಲೇ ಅಲ್ಲಿದ್ದೆ. ಹಾಗಾಗಿ ಮುಂದಿನದೆಲ್ಲ ಕಿವಿಯಾರೆ ಕೇಳಿದ್ದು.

“ಆ ದಡ ಆಗಸ್ಟ್ ಮುಗಿಯೋವರೆಗೂ ಬಿಟ್ಬಿಡಿ ಅಂಕಲ್” ಎಂದಳು ಬ್ರಯೊನಿ. “ಮರಿಗಳು ಹಾರೋದು ಜುಲೈ ಕಳೆದ್ಮೇಲೆ. ಗೂಡಿರೋ ಹೊತ್ನಲ್ಲಿ ಮುಟ್ಟೋ ಹಾಗಿಲ್ಲ, ಕಾನೂನೂ ಇದೆ.”

“ಆಗಸ್ಟಾ!” ಹೊರೇಸ್ ಟೀ ಬಟ್ಟಲು ಕುಕ್ಕಿದ. “ತಿಂಗಳ ಕೊನೇ ಭಾನುವಾರ ಊರೆಲ್ಲ ಬಂದು ನೋಡತ್ತೆ. ಅರ್ಧ ಕಾಲುವೆ ನುಣ್ಣಗೆ, ಅರ್ಧ ಕಾಲುವೆ ಕ್ಲೆಮ್‌ನ ಮೀಸೆ ಥರ! ಹನ್ನೊಂದು ವರ್ಷದ ಮಾನ ಹರಾಜಾಗತ್ತೆ.”

“ಮಾನ ಇರೋದು ಹುಲ್ಲಿನಲ್ಲಾ?” ಎಂದಳು ಮೇವಿಸ್.

“ನೀನು ಸುಮ್ನಿರು. ಬರೀ ಮಾನ ಅಲ್ಲ. ನಲವತ್ತೇಳರ ಪ್ರವಾಹದಲ್ಲಿ ನನ್ನಜ್ಜೀನ ಮಹಡಿ ಕಿಟಕಿಯಿಂದ ದೋಣಿಗಿಳಿಸ್ಕೊಂಡ್ರು ನಮ್ಮಪ್ಪ. ಸಾಯೋವರೆಗೂ ಹೇಳ್ತಿದ್ರು, ಕಾಲುವೆ ಕೊಳಕಾಗೋಕೆ ಬಿಡಬೇಡ ಮಗಾ, ನೀರು ಮನೆ ಹುಡುಕ್ಕೊಂಡು ಬರತ್ತೆ ಅಂತ. ಅಪ್ಪನ ಮಾತು ಮೀರಲಾ, ಒಂದು ಹಕ್ಕಿಗೋಸ್ಕರ?”

ಅದು ಜಂಬದ ಮಾತಷ್ಟೇ ಆಗಿರಲಿಲ್ಲ. ನೀರಿನ ಭಯ ನಮ್ಮ ಊರಿನವರ ಮೂಳೆಯಲ್ಲಿದೆ, ಅದನ್ನು ಕಂಡು ನಗುವವರು ಇಲ್ಲಿ ಒಂದು ಚಳಿಗಾಲ ಕಳೆದು ನೋಡಲಿ.

ಬ್ರಯೊನಿ ನಗಲಿಲ್ಲ. “ಅಂಕಲ್, ನೀರು ಬಂದ್ರೆ ಮೊದಲು ಮುಳುಗೋದು ಯಾರ ಮನೆ?”

“ನಿಂದು. ಪಂಪ್‌ಮನೆ ಎಲ್ಲಕ್ಕಿಂತ ತಗ್ಗು.”

“ಅಂದ್ಮೇಲೆ ನಾನು ಸುಳ್ಳು ಹೇಳ್ತೀನಾ? ನೀರು ಹರಿಯೋದು ಕಾಲುವೆ ನಡುವೆ. ನಡು ಖಾಲಿ ಇದ್ರೆ ಸಾಕು. ಒಂದು ದಡದಲ್ಲಿ ಜೊಂಡಿದ್ರೆ ನನ್ನ ಪಂಪಿಗೆ ಗೊತ್ತೂ ಆಗಲ್ಲ. ಎದುರು ದಡ ಕತ್ತರಿಸ್ಕೊಳ್ಳಿ. ಗೂಡಿನ ಎದುರಿಗೆ ಮಾತ್ರ ಆ ಕಡೆ ಮುನ್ನೂರು ಹೆಜ್ಜೆ, ಈ ಕಡೆ ಮುನ್ನೂರು ಹೆಜ್ಜೆ ಬಿಡಿ. ಮುಂದಿನ ವರ್ಷ ಇದನ್ನ ಕತ್ತರಿಸಿ ಅದನ್ನ ಬಿಡಿ. ಅಷ್ಟೇ.”

“ಪುಸ್ತಕದಲ್ಲಿ ಓದಿದ್ದಾ?”

“ಪಂಪಿನ ಲೆಕ್ಕದಲ್ಲಿ ನೋಡಿದ್ದು. ಆರು ವರ್ಷದಿಂದ ಪಂಪ್‌ಮನೆ ಕಾಲುವೆಗೆ ಹಾಗೇ ಮಾಡ್ತಿದೀನಿ. ಒಂದಿಂಚು ನೀರು ಜಾಸ್ತಿ ನಿಂತಿಲ್ಲ.”

ಹೊರೇಸ್ ಬಾಯಿ ಮುಚ್ಚಿದ. ಒಪ್ಪಿದನೆಂದಲ್ಲ, ಪೈ ಬಾಯಿಗೆ ಹಾಕಿಕೊಂಡನೆಂದು.

ನಾನೂ ಒಂದು ಮಾತು ಸೇರಿಸಿದೆ. “ಹೊರೇಸ್, ನಾನು ಅಂಚೆ ಕೆಲಸಕ್ಕೆ ಸೇರೋಕೆ ಮುಂಚೆ, ನಮ್ಮ ಹುಡುಗುತನದಲ್ಲಿ, ದೇಶಕ್ಕೆಲ್ಲ ಈ ಗಿಡುಗ ಒಂದೇ ಒಂದು ಜೋಡಿ ಉಳ್ಕೊಂಡಿತ್ತು. ಒಂದೇ ಜೋಡಿ ಕಣಯ್ಯಾ! ಲಂಡನ್‌ನೋರು ದುರ್ಬೀನು ಹಿಡ್ಕೊಂಡು ಬರ್ತಾರೆ ಇದನ್ನ ನೋಡೋಕೆ. ಅಂಥದ್ದು ನಿನ್ನ ಜೊಂಡೇ ಬೇಕು ಅಂತ ಬಂದು ಕೂತಿದೆ. ಕ್ಲೆಮ್ ಹತ್ರ ಹೋಯ್ತಾ?”

ಹೊರೇಸ್ ತಲೆ ಎತ್ತಿದ. ಕ್ಲೆಮ್‌ನ ಹೆಸರು ಹೇಳಿದರೆ ಅವನಿಗೆ ಕಿವಿ ನೆಟ್ಟಗಾಗುತ್ತದೆ ಎಂದು ನನಗೆ ಗೊತ್ತಿತ್ತು.

“ಒಂದು ವಾರ ಬಿಡ್ತೀನಿ” ಎಂದ. “ಮೇವಿಸ್ ಮುಖ ನೋಡಿ ಬಿಡ್ತಿರೋದು, ಹಕ್ಕಿ ಮುಖ ನೋಡಿ ಅಲ್ಲ.”

ಆ ವಾರ ಮಳೆ ಬರಲಿಲ್ಲ. ಬಿಸಿಲಿಗೆ ಹೊಲದ ಕಪ್ಪು ಮಣ್ಣು ಕಾಫಿಪುಡಿಯಂತಾಯಿತು. ಬೀಟ್ ಸಸಿ ಆಗಷ್ಟೇ ಎರಡೆಲೆ ಬಿಟ್ಟಿತ್ತು. ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಪಡುವಣದಿಂದ ಗಾಳಿ ಎದ್ದಿತು. ನಾವು ಇದಕ್ಕೆ ಕರಿಗಾಳಿ ಎನ್ನುತ್ತೇವೆ. ಮೊದಲು ದೂರದ ಚರ್ಚಿನ ಗೋಪುರ ಕಾಣದಾಯಿತು, ಆಮೇಲೆ ಕ್ಲೆಮ್‌ನ ಕೊಟ್ಟಿಗೆ, ಆಮೇಲೆ ನನ್ನದೇ ಬೇಲಿ. ಹಗಲಲ್ಲೇ ದೀಪ ಹಾಕಿದೆವು. ಕಿಟಕಿ ಸಂದಿಗೆ ಬಟ್ಟೆ ತುರುಕಿದರೂ ಮಣ್ಣು ಒಳಗೆ ಬಂತು, ಬೆಣ್ಣೆಯ ಮೇಲೂ ಕೂತಿತು. ನಮ್ಮ ಹೊಲ ನಮ್ಮ ತಲೆಯ ಮೇಲೆಯೇ ಹಾರಿ ಹೋಗುವುದನ್ನು ನೋಡುತ್ತ ಕೂರುವ ಸಂಕಟ ಫೆನ್ ಸೀಮೆಯವರಿಗೇ ಗೊತ್ತು.

ಸಂಜೆ ನಾಲ್ಕಕ್ಕೆ ಗಾಳಿ ನಿಂತಿತು. ಹೊರೇಸ್ ಕುಂಟುತ್ತ ಕಾಲುವೆಗೆ ಹೋದ. ಮೇವಿಸ್, ನಾನು ಹಿಂದೆ ಹೋದೆವು.

ಡ್ರೋವ್‌ನಿಂದ ದಿಮ್ಮಿಯವರೆಗೆ, ಅವನು ಅಷ್ಟು ಕಷ್ಟಪಟ್ಟು ಬೋಳಿಸಿದ್ದ ಕಡೆ, ಕಾಲುವೆಯೇ ಇರಲಿಲ್ಲ. ತಡೆಯುವ ಒಂದು ಕಡ್ಡಿಯೂ ಇಲ್ಲದ ದಡವನ್ನು ದಾಟಿ ಮಣ್ಣೆಲ್ಲ ನೀರಿಗೆ ಬಿದ್ದಿತ್ತು. ಕಪ್ಪು ಗಂಜಿ, ಅದರ ಮೇಲೆ ಬೆರಳುದ್ದ ನೀರು. ಹೊರೇಸ್ ಮುಂದೆ ನಡೆದ. ದಿಮ್ಮಿ ದಾಟಿದ. ಅಲ್ಲಿ ಪಡುವಣ ದಡದ ಜೊಂಡು ಹಾಗೇ ನಿಂತಿತ್ತು. ಅದರ ಬುಡದಲ್ಲಿ, ಹೊಲದ ಕಡೆಗೆ, ಮಣ್ಣು ಮಂಡಿಯೆತ್ತರ ಒಟ್ಟಿಕೊಂಡಿತ್ತು. ಆಚೆಗೆ ನೀರು ತಿಳಿಯಾಗಿ ಹರಿಯುತ್ತಿತ್ತು. ಅದರ ಮೇಲೆ ಒಂದು ಏರೋಪ್ಲೇನ್ ಚಿಟ್ಟೆ ಏನೂ ಆಗಿಲ್ಲವೆಂಬಂತೆ ಸುಳಿಯುತ್ತಿತ್ತು.

“ನನ್ನ ಹೊಲ” ಎಂದ ಹೊರೇಸ್, ಆ ಮಣ್ಣಿನ ದಿಬ್ಬ ಮುಟ್ಟಿ. “ನನ್ನ ಹೊಲಾನ ಹಿಡ್ಕೊಂಡಿದೆ ಇದು.”

ಬ್ರಯೊನಿ ಆಗಲೇ ಬಂದಿದ್ದಳು. ಪಂಪ್‌ಮನೆಯ ಅಳತೆಗೋಲು ಅವಳ ಕೈಯಲ್ಲಿತ್ತು. ಬುಡಕ್ಕೆ ಅಗಲವಾದ ಬಿಲ್ಲೆ ಇರುವುದರಿಂದ ಅದು ಕೆಸರಿನಲ್ಲಿ ಹೂತುಹೋಗುವುದಿಲ್ಲ, ಮೇಲೆಯೇ ನಿಂತು ನೀರಿನ ಆಳ ತೋರಿಸುತ್ತದೆ. ದಿಮ್ಮಿಯ ಆಚೆ ಇಳಿಸಿದಳು. ಐದನೆಯ ಗೆರೆವರೆಗೆ ನೀರು. ಈಚೆ ಇಳಿಸಿದಳು. ಒಂದನೆಯ ಗೆರೆಯೂ ಮುಳುಗಲಿಲ್ಲ.

ಮೇವಿಸ್ ಆ ಕೋಲನ್ನೇ ದಿಟ್ಟಿಸುತ್ತಿದ್ದಳು. “ಹೊರೇಸ್, ನಮ್ಮನೆ ಕೋಲಿಗೂ ಐದು ಗೆರೆ ಅಲ್ವಾ? ಬುಡದಲ್ಲಿ ಬಿಲ್ಲೆ?”

ಹೊರೇಸ್ ಅವಳನ್ನು ನೋಡಿದ. ಕೋಲನ್ನು ನೋಡಿದ. ಆಮೇಲೆ ಮೆಲ್ಲಗೆ, “ಅಪ್ಪ ಮಗ ಸೇರಿ ಒಟ್ಟು ಇಪ್ಪತ್ತು ವರ್ಷ ಅದಕ್ಕೆ ಎಣ್ಣೆ ಹಚ್ಚಿದ್ದೇ ಬಂತು” ಎಂದ. “ಒಂದಿನಾನೂ ನೀರಿಗಿಳಿಸ್ಲಿಲ್ಲ.”

ಮುಂದಿನ ಎರಡು ವಾರ ಬೋಳು ಅರ್ಧದ ಕೆಸರನ್ನು ಎತ್ತಿಸುವುದರಲ್ಲೇ ಕಳೆಯಿತು. ಉಳಿದರ್ಧದ ಜೊಂಡಿನ ಒಂದು ಗರಿಯನ್ನೂ ಹೊರೇಸ್ ಮುಟ್ಟಲಿಲ್ಲ. ಬೆಳಿಗ್ಗೆ ಪಂಪ್‌ಮನೆ ಕಡೆಯ ದೂರದ ಗೇಟಿನ ಹತ್ತಿರ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ. ಮಂಡಿಗೆ ವಿಶ್ರಾಂತಿ ಎನ್ನುತ್ತಿದ್ದ. ಕುತ್ತಿಗೆಯಲ್ಲಿ ಮೇವಿಸಳ ಅಣ್ಣನ ಹಳೆಯ ದುರ್ಬೀನು ಯಾಕೆ ಎಂದು ನಾನು ಕೇಳಲಿಲ್ಲ. ಒಂದು ದಿನ ತಾನಾಗಿಯೇ ಹೇಳಿದ, “ಡಾರ್ಕಸ್, ಆ ಜೊಂಡೊಳಗೆ ಉಲಿಯಕ್ಕಿ ಮೂರು ಗೂಡು ಕಟ್ಟಿದೆ. ಗಿಡುಗ ನಿನ್ನೆ ಒಂದೇ ದಿನಕ್ಕೆ ನನ್ನ ಹೊಲದಿಂದ ನಾಲ್ಕು ಇಲಿ ಎತ್ತಿತು. ಸಂಬಳ ಇಲ್ದೆ ಕೆಲಸ ಮಾಡ್ತಿದೆ, ಪಾಪ.”

ಕಾಲುವೆ ನೋಡುವ ಭಾನುವಾರ ಬಂತು. ನಲವತ್ತು ಜನ ಸೇರಿದ್ದೆವು. ಹಳೆಯ ಪದ್ಧತಿಯಂತೆ ಹೊರೇಸ್ ಕೋಲು ಹಿಡಿದು ಮುಂದೆ ನಡೆದ. ಮೊದಲು ಕ್ಲೆಮ್‌ನ ಕಾಲುವೆ. ಆಹಾ, ಎಂಥ ದಡ! ಹಿಂದಿನ ದಿನ ಮತ್ತೆ ಕತ್ತರಿಸಿ, ಕಸ ಬಾಚಿ ತೆಗೆದಿದ್ದ. ಜನ ಚಪ್ಪಾಳೆ ತಟ್ಟಿದರು. ಹೊರೇಸ್ ಬಗ್ಗಿ ಕೋಲನ್ನು ನೀರಿಗೆ ಇಳಿಸಿದ.

“ಏನೋ ಅದು, ಮೀನು ಹಿಡೀತಿದೀಯಾ?” ಎಂದ ಕ್ಲೆಮ್. ಎಲ್ಲರೂ ನಕ್ಕರು.

ನೀರು ಎರಡನೆಯ ಗೆರೆಗೆ ನಿಂತಿತ್ತು. ಹೊರೇಸ್ ಕೋಲು ಎತ್ತಿಕೊಂಡು ಮುಂದೆ ನಡೆದ. ಬಿಲ್ಲೆಯ ತುಂಬ ಕ್ಲೆಮ್‌ನ ಕಾಲುವೆಯ ಕಪ್ಪು ಕೆಸರು ಮೆತ್ತಿಕೊಂಡಿತ್ತು.

ತನ್ನ ಕಾಲುವೆ ಬಂದಾಗ ಅವನು ಗೇಟಿನ ಹತ್ತಿರವೇ ಜನರನ್ನು ತಡೆದ. “ಇಲ್ಲಿಂದ ಆಚೆ ಒಬ್ರೂ ಹೋಗೋ ಹಾಗಿಲ್ಲ. ಗೂಡಿದೆ. ಮಾತು ಮೆಲ್ಲಗೆ.”

“ಇದೇನು ಹೊರೇಸ್, ಕಾಡು ಬೆಳೆಸಿದೀಯಲ್ಲೋ!” ಹಿಂದಿನಿಂದ ಯಾರೋ ಕೂಗಿದರು. “ನಿಮ್ಮಪ್ಪ ನೋಡಿದ್ರೆ ಏನಂತಿದ್ರು?” ಇದು ಕ್ಲೆಮ್.

ಹೊರೇಸ್‌ನ ಕಿವಿ ಕೆಂಪಾಯಿತು. ಜಗಳ ಶುರು ಎಂದುಕೊಂಡೆ. ಅವನು ಗೇಟಿನ ಪಕ್ಕದ ನೀರಿಗೆ ಕೋಲು ಇಳಿಸಿ ನಿಧಾನವಾಗಿ ಹೇಳಿದ, “ನೋಡ್ಕೊಳ್ಳಿ. ಐದನೇ ಗೆರೆ. ಕ್ಲೆಮ್‌ದು ಎರಡು. ಈ ಕೋಲು ಮೆರವಣಿಗೆಗೆ ಮಾಡಿದ್ದಲ್ಲ, ಅಳೆಯೋಕೆ ಮಾಡಿದ್ದು. ಅದು ನಮ್ಮಪ್ಪಂಗೂ ತಿಳಿದಿರ್ಲಿಲ್ಲ, ನಂಗೂ ತಿಳಿದಿರ್ಲಿಲ್ಲ. ಕರಿಗಾಳಿ ದಿನ ನನ್ನ ಬೋಳು ಅರ್ಧ ತುಂಬಿಹೋಯ್ತು, ಈ ಅರ್ಧ ಒಂದು ಹಿಡಿ ಮಣ್ಣು ಒಳಗೆ ಬಿಡ್ಲಿಲ್ಲ. ಕಾಲುವೆ ಕೊಳಕಾಗೋಕೆ ಬಿಡಬೇಡ ಅಂದಿದ್ರು ಅಪ್ಪ. ಬಿಟ್ಟಿಲ್ಲ.”

ಅಷ್ಟರಲ್ಲಿ ಮೇಲಿನಿಂದ ಶಿಳ್ಳೆಯಂಥ ಕೂಗು. ಗಂಡು ಗಿಡುಗ ಕಾಲಲ್ಲಿ ಇಲಿ ಹಿಡಿದು ಬರುತ್ತಿತ್ತು. ಜೊಂಡಿನಿಂದ ಹೆಣ್ಣು ಎದ್ದಿತು. ಗಂಡು ಆಕಾಶದಲ್ಲೇ ಇಲಿಯನ್ನು ಕೈಬಿಟ್ಟಿತು, ಹೆಣ್ಣು ಮೈ ಮಗುಚಿ, ಕಾಲು ಮೇಲೆ ಮಾಡಿ ಅದನ್ನು ಹಿಡಿದೇ ಬಿಟ್ಟಿತು. ನಲವತ್ತು ಜನರ ಬಾಯಿಂದಲೂ ಒಂದೇ ಉಸಿರು ಹೊರಟಿತು. ನನ್ನ ಕಣ್ಣಲ್ಲಿ ನೀರು ಬಂತು, ಹೇಳಿಕೊಳ್ಳಲು ನಾಚಿಕೆಯಿಲ್ಲ. ಇದು ನಮ್ಮ ನೆಲದ ಹಕ್ಕಿ. ಚಳಿಗಾಲಕ್ಕೆ ಹಂಸಗಳು ಸಮುದ್ರ ದಾಟಿ ಹುಡುಕಿಕೊಂಡು ಬರುವ ನೆಲ ಇದು. ಚಪ್ಪಟೆ, ಬೋಳು, ನೋಡಲು ಏನೂ ಇಲ್ಲ ಎಂದು ಹೊರಗಿನವರು ಹೇಳುತ್ತಾರೆ. ಅವರು ತಲೆ ಎತ್ತಿ ನೋಡಿಲ್ಲ, ಅಷ್ಟೆ.

ಆದರೂ ಅಭ್ಯಾಸಬಲ ಸುಮ್ಮನೆ ಬಿಡುತ್ತದೆಯೇ? ಊರಿನ ಪುಟ್ಟ ಪ್ರಾರ್ಥನಾಮಂದಿರದ ಅಂಗಳದಲ್ಲಿ ಮತಕ್ಕೆ ಕೈ ಎತ್ತಿದಾಗ ಹೊರೇಸ್‌ಗೆ ಹದಿನೆಂಟು ಕೈ, ಕ್ಲೆಮ್‌ಗೆ ಇಪ್ಪತ್ತೊಂದು. ಮೇವಿಸ್ ನನ್ನ ತೋಳು ಚಿವುಟಿದಳು. ಹೊರೇಸ್ ಹಣೆ ಒರೆಸಿಕೊಂಡ. ಅಪ್ಪನ ಫೋಟೋದ ಕೆಳಗಿನ ಜಾಗ ಖಾಲಿಯಾಗುವುದು ಅವನ ಕಣ್ಣಮುಂದೆ ಬಂದಿರಬೇಕು. ಆದರೂ ಕುಂಟುತ್ತ ಹೋಗಿ ಕೋಲನ್ನು ಕ್ಲೆಮ್‌ನ ಕೈಗಿಟ್ಟ.

“ತಗೋ. ಕೋಲು ನಿಂದು. ಗಿಡುಗ ನಂದು.”

ಕ್ಲೆಮ್ ಹಲ್ಲು ಬಿಟ್ಟುಕೊಂಡು ಕೋಲು ಮೇಲೆತ್ತಿದ. ಅವನ ಭಾನುವಾರದ ಬಿಳಿ ಅಂಗಿಯ ಮೇಲೆ ಕಪ್ಪು ಕೆಸರು ತೊಟ್ಟಿಕ್ಕಿತು. ತಿರುಗಿಸಿ ನೋಡಿದ. ಹೊರೇಸ್‌ನ ತಿಳಿನೀರಿಗೆ ಇಳಿದರೂ ಬಿಲ್ಲೆಯ ಅಂಚಿನಲ್ಲಿ ಇನ್ನೂ ಉಳಿದಿದ್ದ ಆ ಮಣ್ಣು ಯಾವ ಕಾಲುವೆಯದೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹಲ್ಲು ಒಳಗೆ ಹೋಯಿತು.

ಅಂಗಿಯ ಕೆಸರು ಒರೆಸಿಕೊಂಡು ಕೋಲನ್ನು ಹಿಂದಕ್ಕೆ ಚಾಚಿದ. “ಹಿಡ್ಕೋ ಮಾರಾಯ. ಎರಡು ಗೆರೆ ಇಟ್ಕೊಂಡು ಇದನ್ನ ಯಾವ ಮುಖದಲ್ಲಿ ಮನೇಲಿ ನೇತುಹಾಕ್ಲಿ? ಹನ್ನೆರಡನೇದು ನಿಂದೇ. ಆದ್ರೆ ಒಂದು ಹೇಳು.”

“ಏನು?”

“ನಾನು ಯಾವ ದಡ ಬಿಟ್ರೆ ನನ್ನ ಹತ್ರಾನೂ ಬರತ್ತೆ ಅದು?”

ಹೊರೇಸ್ ಬ್ರಯೊನಿಯ ಕಡೆ ತಿರುಗಿದ. ನಗುತ್ತ, “ಪಡುವಣ ದಡ ಬಿಡೋಕೆ ಹೇಳೇ ಹುಡುಗಿ” ಎಂದ. “ಮಣ್ಣೂ ಉಳೀಲಿ. ಬಂದ್ರೆ ಬರ್ಲಿ. ನನ್ನ ಗಿಡುಗದಷ್ಟು ಚೆನ್ನಾಗಿರಲ್ಲ, ಇರ್ಲಿ ಬಿಡು.”

ಜುಲೈ ಕೊನೆಗೆ ಆ ಗೂಡಿನಿಂದ ಮೂರು ಮರಿ ಹಾರಿದವು. ಈ ವರ್ಷ ನಮ್ಮೂರಿನ ಒಂಬತ್ತು ಕಾಲುವೆಗಳಲ್ಲಿ ಏಳಕ್ಕೆ ಒಂದು ದಡ ಬಿಟ್ಟಿದ್ದಾರೆ. ಕೋಲು ಬೆಂಕಿಗೂಡಿನ ಮೇಲಿಂದ ಇಳಿದಿದೆ. ಈಗ ಅದು ಹೊರೇಸ್‌ನ ಬಾಗಿಲ ಪಕ್ಕ ನಿಂತಿರುತ್ತದೆ, ಯಾವಾಗಲೂ ಒದ್ದೆ. ಉಳಿದ ಎಣ್ಣೆ ಮೇವಿಸಳ ಬೆನ್ನಿಗೆ.

ಇದನ್ನು ಓದುತ್ತಿರುವವರೇ, ಓದಿಸಿ ಕೇಳುತ್ತಿರುವವರೇ, ನಿಮ್ಮ ಹೊಲದ ಅಂಚಿನಲ್ಲೂ ಒಂದು ಕಾಲುವೆ ಇರಬಹುದು, ಕೆರೆಯ ಏರಿ ಇರಬಹುದು, ಯಾರಿಗೂ ಬೇಡವೆನಿಸಿದ ಜೊಂಡಿನ ಮೂಲೆ ಇರಬಹುದು. ಹಕ್ಕಿ ಕಾವು ಕೂರುವ ಕಾಲದಲ್ಲಿ ಅದಕ್ಕೆ ಕತ್ತಿ ಹಚ್ಚಬೇಡಿ. ಒಂದು ದಡ ಕತ್ತರಿಸಿ, ಒಂದು ದಡ ಬಿಡಿ, ಮುಂದಿನ ವರ್ಷ ಅದಲು ಬದಲು ಮಾಡಿ. ನೀರು ಹರಿಯುತ್ತದೆ, ಮಣ್ಣು ನಿಲ್ಲುತ್ತದೆ. ಯಾರಾದರೂ ಬಂದು ಇದೇನು ಕಾಡು ಬೆಳೆಸಿದ್ದೀರಿ ಎಂದು ನಕ್ಕರೆ ಜಗಳವಾಡಬೇಡಿ. ಒಂದು ಕೋಲು ಕೊಟ್ಟು ನೀರಿಗೆ ಇಳಿಸಿ ನೋಡಲು ಹೇಳಿ.